ಸದ್ದಿನ ಕರೆಂಟು

ಕುಕ್ಕಪ್ಪನಿಗೆ ಆ ಸಂಗತಿ ಗೊತ್ತಾದದ್ದು ಕೆಟ್ಟುಹೋದ ಒಂದು ಹಾರ್ನ್ ಸ್ಪೀಕರಿನಿಂದ. ಆಗ ಎಪ್ಪತ್ತನಾಲ್ಕನೇ ಇಸವಿ. ಆಲಂಕಾರಿನ ಪೇಟೆಯಲ್ಲಿ ಅವನದ್ದು ಮೈಕ್ ಸೆಟ್ಟಿನ ಅಂಗಡಿ. ಮದುವೆ, ಯಕ್ಷಗಾನ, ಎಲೆಕ್ಷನ್ನು, ಯಾವುದಿದ್ದರೂ ಬ್ಯಾಟರಿ, ಆಂಪ್ಲಿಫಯರ್, ಎರಡು ಹಾರ್ನು ಹೊತ್ತುಕೊಂಡು ಹೋಗುವವನು ಅವನೇ. ಅಂಗಡಿಗೆ ತಾಗಿಕೊಂಡೇ ಸಾಹುಲ್ ಹಮೀದರ ಅಕ್ಕಿ ಮಿಲ್ಲು. ಡೀಸೆಲ್ ಇಂಜಿನಿನ ಆ ಮಿಲ್ಲು ಶುರುವಾಯಿತೆಂದರೆ ಅಂಗಡಿಯ ಹಲಗೆಗಳೂ ನಡುಗುತ್ತಿದ್ದವು. ಬಂದ ಗಿರಾಕಿಗಳು ಕಿವಿಯ ಹತ್ತಿರ ಬಾಯಿಟ್ಟು ಮಾತಾಡಬೇಕು.

ಆ ದಿನ ಹಾರ್ನಿನ ಒಳಗಿನ ತಂತಿ ಎಲ್ಲಾದರೂ ತುಂಡಾಗಿದೆಯೋ ಎಂದು ನೋಡಲು ಕುಕ್ಕಪ್ಪ ಅದರ ಎರಡು ತುದಿಗಳನ್ನು ಮೀಟರಿಗೆ ಸಿಕ್ಕಿಸಿದ. ಮೀಟರಿನ ಗುಂಡಿಯನ್ನು ತಪ್ಪಾಗಿ ಕರೆಂಟು ಅಳೆಯುವ ಕಡೆಗೆ ತಿರುಗಿಸಿಬಿಟ್ಟಿದ್ದ. ಬ್ಯಾಟರಿ ಇಲ್ಲ, ಆಂಪ್ಲಿಫಯರ್ ಇಲ್ಲ, ಆದರೂ ಮೀಟರಿನ ಮುಳ್ಳು ಸಣ್ಣಗೆ ನಡುಗುತ್ತಿತ್ತು. ಮೇಜು ಅಲುಗಿದ್ದಿರಬೇಕೆಂದು ಮೀಟರನ್ನು ಕೈಯಲ್ಲಿ ಎತ್ತಿ ಹಿಡಿದ. ಆಗಲೂ ನಡುಗಿತು. ಹಾರ್ನಿನ ಬಾಯಿಯನ್ನು ಮಿಲ್ಲಿನ ಕಡೆಗೆ ತಿರುಗಿಸಿದ. ಮುಳ್ಳು ಏರಿತು. ಗೋಡೆಯ ಕಡೆಗೆ ತಿರುಗಿಸಿದ. ಇಳಿಯಿತು. ಮಧ್ಯಾಹ್ನ ಊಟಕ್ಕೆಂದು ಮಿಲ್ಲು ನಿಲ್ಲಿಸಿದಾಗ ಮುಳ್ಳು ಸೊನ್ನೆಗೆ ಬಂದು ಸುಮ್ಮನಾಯಿತು.

ಅವನು ಉಣ್ಣುವುದನ್ನೂ ಮರೆತು ಮಿಲ್ಲಿಗೆ ಓಡಿದ.

"ಹಮೀದಾಕ, ಕರೆಂಟು ಕೊಟ್ರೆ ಹಾರ್ನು ಶಬ್ದ ಮಾಡುದಲ್ವಾ? ಶಬ್ದ ಕೊಟ್ರೆ ಅದು ಕರೆಂಟು ಮಾಡ್ತದೆ! ಈಗ ಕಣ್ಣಾರೆ ನೋಡಿದೆ."

ಸಾಹುಲ್ ಹಮೀದರು ತಲೆಯ ಮೇಲಿನ ತೌಡು ಕೊಡವಿಕೊಂಡು ನಕ್ಕರು. "ಈ ಮಿಲ್ಲಿನ ಶಬ್ದಕ್ಕೆ ಮನೆಯಲ್ಲಿ ಆಯಿಶಮ್ಮ ಬೈಯುದು, ಶಾಲೆಯಲ್ಲಿ ಮಾಸ್ಟ್ರು ಬೈಯುದು. ನಿಮಗೆ ಅದರಲ್ಲಿ ಕರೆಂಟು ಸಿಗುದಾದ್ರೆ ಎಷ್ಟು ಬೇಕಾದ್ರೂ ತಕ್ಕೊಳ್ಳಿ ಮಾರಾಯ್ರೆ."

ಕರೆಂಟೆಂದರೆ ಕುಕ್ಕಪ್ಪನ ತಲೆಗೆ ಮೊದಲು ಬರುತ್ತಿದ್ದದ್ದು ಅವನ ಊರು. ಆಲಂಕಾರಿನಿಂದ ಒಂದು ಗಂಟೆ ನಡೆದರೆ ಬೊಳ್ಳಂಜ, ಪದವಿನ ಮೇಲೆ, ಬೋಳು ಗುಡ್ಡದ ನೆತ್ತಿಯಲ್ಲಿ, ಇಪ್ಪತ್ತಾರು ಮನೆ. ಅಲ್ಲಿ ಬಾವಿ ತೋಡಿದವರೆಲ್ಲ ಕೈಸೋತು ಬಿಟ್ಟವರೇ. ಮೇಲೆ ಮುರಕಲ್ಲು, ಅದರ ಕೆಳಗೆ ಕರಿಬಂಡೆ. ಕುಡಿಯುವ ನೀರು ಗುಡ್ಡದ ಕೆಳಗೆ ಹರಿಯುವ ತೋಡಿನಿಂದಲೇ ಬರಬೇಕು. ತೋಡಿಗೆ ಇಳಿಯಲು ಕಲ್ಲಿನಲ್ಲಿ ಕಡಿದ ನೂರ ಮೂವತ್ತು ಮೆಟ್ಟಿಲು. ಮದುವೆಯಾಗಿ ಬಂದ ವಾರದಲ್ಲೇ ಅವನ ಹೆಂಡತಿ ಸೇವಂತಿ, "ನಿಮ್ಮ ಊರಿನ ಹೆಂಗಸರಿಗೆಲ್ಲ ಮೊಣಕಾಲು ಹಿಡ್ಕೊಂಡು ಏಳುವ ಅಭ್ಯಾಸ ಉಂಟಲ್ಲ, ಯಾಕೇಂತ ಈಗ ಗೊತ್ತಾಯ್ತು," ಎಂದಿದ್ದಳು.

ಆ ಊರಿಗೆ ಕರೆಂಟಿನ ಲೈನು ಬರಬೇಕು, ಬಂದರೆ ತೋಡಿಗೆ ಪಂಪು ಹಾಕಿ ನೀರನ್ನು ಮೇಲೆ ತರಬಹುದು ಎಂದು ಹಟ ಹಿಡಿದು ಕುಳಿತವಳು ಕುಕ್ಕಪ್ಪನ ಸೋದರತ್ತೆ ದುಗ್ಗಮ್ಮ. ಅರುವತ್ತು ದಾಟಿದ ವಿಧವೆ. ಓದು ಬರಹ ಬಾರದು. ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ಹಾಕಿಸಿ, ಬಿಳಿ ಸೀರೆಯ ಸೆರಗಿಗೆ ಅರ್ಜಿ ಕಟ್ಟಿಕೊಂಡು ಪುತ್ತೂರಿನ ಬಸ್ಸು ಹತ್ತುತ್ತಿದ್ದಳು. ಅಲ್ಲಿನ ಕರೆಂಟಿನ ಆಫೀಸಿನ ಜವಾನನೇ ಅವಳನ್ನು ಕಂಡರೆ ಬೆಂಚಿನಿಂದ ಎದ್ದು ಜಾಗ ಕೊಡುವಷ್ಟು ಸಲ ಹೋಗಿ ಬಂದಿದ್ದಳು. ಪ್ರತಿ ಸಲವೂ ಒಂದೇ ಉತ್ತರ, ಆಗ್ತದೆ ಅಮ್ಮ, ನೋಡುವ.

"ಅತ್ತೆ, ನಿಮ್ಮ ಕಂಬ ಬರುವ ಮೊದಲು ನಾನೇ ಪಂಪು ತಿರುಗಿಸ್ತೇನೆ," ಎಂದ ಕುಕ್ಕಪ್ಪ.

"ತಿರುಗಿಸು. ಬೇಡಾಂತ ಯಾರು ಹೇಳಿದ್ರು? ಆದ್ರೆ ನಾನು ಆಫೀಸಿಗೆ ಹೋಗುದು ಬಿಡುದಿಲ್ಲ," ಎಂದಳು ದುಗ್ಗಮ್ಮ.

ನಾಲ್ಕು ವರ್ಷ ಅವನು ಅದರ ಹಿಂದೆಯೇ ಬಿದ್ದ. ಊರೂರು ಸುತ್ತಿ ಕೆಟ್ಟ ಹಾರ್ನುಗಳನ್ನು ತಂದ. ಸುಳ್ಯದ ಗುಜರಿಯಲ್ಲಿ ಸಿಕ್ಕಿದ ಟ್ರಾನ್ಸ್‌ಫಾರ್ಮರು ಬಿಚ್ಚಿ ಮತ್ತೆ ಸುತ್ತಿದ. ಹನ್ನೆರಡು ಹಾರ್ನುಗಳನ್ನು ಮಿಲ್ಲಿನ ಗೋಡೆಗೆ ಸಾಲಾಗಿ ಜೋಡಿಸಿ ಅವುಗಳ ತಂತಿಗಳನ್ನೆಲ್ಲ ಒಂದು ಮರದ ಪೆಟ್ಟಿಗೆಗೆ ತಂದ. ಸಾಹುಲ್ ಹಮೀದರ ಭಾವ ಗಲ್ಫಿನಿಂದ ತಂದ ಟೇಪ್ ರೆಕಾರ್ಡರೊಂದು ಕೆಟ್ಟುಬಿದ್ದಿತ್ತು. ಅದರೊಳಗಿನ ಕೆಂಪು ದೀಪದ ಮಣಿಯನ್ನು ಕಿತ್ತು ಪೆಟ್ಟಿಗೆಗೆ ಬೆಸುಗೆ ಹಾಕಿದ. ಒಂದು ಮಧ್ಯಾಹ್ನ ಮಿಲ್ಲಿನ ಕಿಟಕಿಗಳಿಗೆಲ್ಲ ಗೋಣಿ ಕಟ್ಟಿ, ಬಾಗಿಲು ಹಾಕಿ, ಸೇವಂತಿಯನ್ನೂ ಸಾಹುಲ್ ಹಮೀದರನ್ನೂ ಒಳಗೆ ನಿಲ್ಲಿಸಿ ಇಂಜಿನು ಶುರು ಮಾಡಿದ.

ಕತ್ತಲೆಯಲ್ಲಿ ಮೊದಲು ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಪೆಟ್ಟಿಗೆಯ ಮೇಲೆ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆ ಕಂಡಿತು. ಭತ್ತ ಸುರಿದಾಗ ಅದು ಸ್ವಲ್ಪ ಹೊಳೆಯಿತು, ಬರೇ ಇಂಜಿನು ಓಡುವಾಗ ಮಂಕಾಯಿತು. ಬೇರೆ ಯಾವ ತಂತಿಯೂ ಇಲ್ಲ, ಬ್ಯಾಟರಿಯೂ ಇಲ್ಲ. ಸಾಹುಲ್ ಹಮೀದರು ಪೆಟ್ಟಿಗೆಯನ್ನು ಎತ್ತಿ ಅಡಿಯನ್ನೂ ತಡವಿ ನೋಡಿದರು. ಸೇವಂತಿ ಗಂಡನ ತೋಳು ಹಿಡಿದುಕೊಂಡಳು. ಏನೋ ಹೇಳಿದಳು, ಆದರೆ ಆ ಸದ್ದಿನಲ್ಲಿ ಕೇಳಿಸಲಿಲ್ಲ. ಕುಕ್ಕಪ್ಪ ಅಳುತ್ತಿದ್ದದ್ದು ಅವರಿಬ್ಬರಿಗೂ ಕಾಣಲಿಲ್ಲ.

ಎಪ್ಪತ್ತೆಂಟರ ಮಳೆಗಾಲದಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಬೊಳ್ಳಂಜದ ಹೆಸರು ಲೈನಿನ ಪಟ್ಟಿಗೆ ಸೇರಿತ್ತು, ಮಳೆ ನಿಂತ ಮೇಲೆ ನಲವತ್ತೆರಡು ಕಂಬ ಬರುವುದಿತ್ತು. ದುಗ್ಗಮ್ಮ ಆ ದಿನ ಪುತ್ತೂರಿನಿಂದ ಜಿಲೇಬಿ ತಂದು ಇಪ್ಪತ್ತಾರು ಮನೆಗೂ ಹಂಚಿದಳು. ಇನ್ನೊಂದು, ನವೆಂಬರಿನಲ್ಲಿ ಪುತ್ತೂರಿನಲ್ಲೊಂದು ಕೃಷಿ ಮತ್ತು ವಿಜ್ಞಾನದ ಪ್ರದರ್ಶನ. ಕುಕ್ಕಪ್ಪ ತನ್ನ ಹೆಸರು ಬರೆಸಿದ.

ಹೆಸರು ಬರೆಸಿದ ಮೇಲೆ ಒಂದು ಸಲ ತಿಳಿದವರಿಗೆ ತೋರಿಸುವುದು ಒಳ್ಳೆಯದೆಂದು ಸಾಹುಲ್ ಹಮೀದರೇ ಹೇಳಿದರು. ಪುತ್ತೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕಮಲಾವತಿ ಎಂಬವರು ಆಲಂಕಾರಿನವರೆಗೆ ಬಸ್ಸಿನಲ್ಲಿ ಬಂದು, ಮಿಲ್ಲಿನ ತೌಡಿನ ಧೂಳಿನಲ್ಲಿ ಎರಡು ಗಂಟೆ ನಿಂತು ಎಲ್ಲವನ್ನೂ ಅಳೆದರು. ಹೊರಗೆ ಬಂದು ಕೈ ತೊಳೆದುಕೊಂಡರು.

"ನೀವು ಮಾಡಿದ್ದು ಸರಿ ಉಂಟು. ಯಾರೂ ಕಲಿಸದೆ ಇಷ್ಟು ಮಾಡಿದ್ದೀರಿ, ನನಗೆ ನಂಬ್ಲಿಕ್ಕೇ ಆಗುದಿಲ್ಲ," ಎಂದರು. "ಆದ್ರೆ ಇದರಿಂದ ಪಂಪು ತಿರುಗುದಿಲ್ಲ ಕುಕ್ಕಪ್ಪನವರೇ. ಮನೆಯ ಒಂದು ಬಲ್ಬೂ ಉರಿಯುದಿಲ್ಲ."

"ಹಾರ್ನು ಜಾಸ್ತಿ ಮಾಡಿದ್ರೆ? ಸಾವಿರ ಮಾಡಿದ್ರೆ?"

"ಸದ್ದಿನೊಳಗೆ ಇರುವ ಶಕ್ತಿಯೇ ಅಷ್ಟು ಕಡಿಮೆ. ನಮ್ಮ ಕಿವಿ ತುಂಬ ಸೂಕ್ಷ್ಮ, ಅದಕ್ಕೆ ನಮಗೆ ಮಿಲ್ಲು ಅಷ್ಟು ದೊಡ್ಡದಾಗಿ ಕೇಳುದು. ಅಳೆದು ನೋಡಿದ್ರೆ ಇಂಜಿನಿಗೆ ಹಾಕಿದ ಡೀಸೆಲ್ಲಿನ ಒಂದು ಹನಿಯ ಪಾಲೂ ಸದ್ದಾಗಿ ಹೊರಗೆ ಬರುದಿಲ್ಲ. ಸಣ್ಣ ಕೆಲಸಕ್ಕೆ ಇದು ಆಗಬಹುದು, ಎಲ್ಲಾದರೂ ಒಂದು ಸಿಗ್ನಲ್ಲು, ಒಂದು ಸಣ್ಣ ದೀಪ. ಪ್ರದರ್ಶನದಲ್ಲಿ ಈ ಕೆಂಪು ಮಣಿಯನ್ನೇ ತೋರಿಸಿ. ಅದೇ ದೊಡ್ಡದು."

ಕುಕ್ಕಪ್ಪ ಅವರನ್ನು ಬಸ್ಸಿಗೆ ಹತ್ತಿಸಿ ಬಂದ. ಎರಡು ದಿನ ಅಂಗಡಿ ತೆರೆಯಲಿಲ್ಲ. ಅವರು ಹೇಳಿದ್ದು ನಿಜವೆಂದು ಅವನ ಕೈಗಳಿಗೆ ಗೊತ್ತಿತ್ತು. ನಾಲ್ಕು ವರ್ಷ ಆ ಮುಳ್ಳನ್ನು ಏರಿಸಲು ಒದ್ದಾಡಿದ ಕೈಗಳು ಅವು. ಆದರೆ ಬೊಳ್ಳಂಜದ ಜನರೆಲ್ಲ ಪ್ರದರ್ಶನಕ್ಕೆ ಹೋಗಲು ಆಗಲೇ ಜೀಪು ಗೊತ್ತು ಮಾಡಿದ್ದರು.

ಪ್ರದರ್ಶನದ ದಿನ ಬಿಸಿಲು ಸುಡುತ್ತಿತ್ತು. ಬಯಲಲ್ಲಿ ಹಾಕಿದ ಚಪ್ಪರದ ಸಂದುಗಳಿಂದ ಬೆಳಕು ಎಲ್ಲ ಕಡೆ ಬೀಳುತ್ತಿತ್ತು. ಸಾಹುಲ್ ಹಮೀದರು ತಮ್ಮ ಸಣ್ಣ ಡೀಸೆಲ್ ಇಂಜಿನನ್ನು ತಂದು ಕೊಟ್ಟಿದ್ದರು, ಕುಕ್ಕಪ್ಪ ಮಿಲ್ಲಿನ ಗೋಡೆಯ ಹಾರ್ನುಗಳನ್ನು ಬಿಚ್ಚಿ ತಂದು ಅದರ ಎದುರು ಜೋಡಿಸಿದ್ದ. ಬೆಳಿಗ್ಗೆ ಮೂರು ಸಲ ಅದನ್ನು ಓಡಿಸಿ ಕೆಂಪು ಮಣಿ ತೋರಿಸಿದ್ದಾಯಿತು. ಆ ಬೆಳಕಿನಲ್ಲಿ ಯಾರಿಗೂ ಏನೂ ಕಾಣಲಿಲ್ಲ. "ಎಲ್ಲುಂಟು ಮಾರಾಯ?" ಎಂದು ಕೇಳಿ, ಬಗ್ಗಿ ನೋಡಿ, ನಕ್ಕು ಮುಂದೆ ಹೋದರು. ಪಕ್ಕದಲ್ಲಿ ಸೆಗಣಿ ಗ್ಯಾಸಿನ ಒಲೆ ಹಚ್ಚಿ ಚಾ ಮಾಡಿ ಕೊಡುತ್ತಿದ್ದವನ ಎದುರು ಸಾಲು ನಿಂತಿತ್ತು.

ಮಧ್ಯಾಹ್ನದ ಮೇಲೆ ಕರೆಂಟಿನ ಆಫೀಸಿನ ದೊಡ್ಡ ಸಾಹೇಬರು ಬರುತ್ತಾರೆಂದು ಸುದ್ದಿಯಾಯಿತು. ಕುಕ್ಕಪ್ಪ ಪೇಟೆಗೆ ಹೋಗಿ ಟಾರ್ಚಿನ ಮೂರು ಸೆಲ್ಲು, ಒಂದು ಬಲ್ಬು, ಒಂದು ಗುಂಡಿ ಸ್ವಿಚ್ಚು ತಂದ. ಮೇಜಿನ ಬಟ್ಟೆಯ ಹಿಂದೆ ಕುಳಿತು ಸೆಲ್ಲುಗಳನ್ನು ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರಿನ ಅಡಿಗೆ ತುರುಕಿದ. ಸ್ವಿಚ್ಚನ್ನು ತನ್ನ ಮೊಣಕಾಲಿಗೆ ತಾಗುವಂತೆ ಮೇಜಿನ ಕೆಳಗೆ ಕಟ್ಟಿದ. ಕೈ ಒಂದು ಚೂರೂ ನಡುಗಲಿಲ್ಲ ಎಂಬುದು ಅವನಿಗೆ ಆಮೇಲೆ ಬಹಳ ಕಾಲ ನೆನಪಿತ್ತು.

ಸಾಹೇಬರು ಬಂದರು. ಇಂಜಿನು ಗುಡುಗಿತು. ಕುಕ್ಕಪ್ಪ ಮೊಣಕಾಲು ಒತ್ತಿದ. ಬಲ್ಬು ಹಳದಿಯಾಗಿ, ಎಲ್ಲರಿಗೂ ಕಾಣುವ ಹಾಗೆ ಹತ್ತಿಕೊಂಡಿತು. ಇಂಜಿನು ನಿಲ್ಲಿಸಿದಾಗ ಮೊಣಕಾಲು ತೆಗೆದ, ಆರಿತು. ಚಪ್ಪರದಲ್ಲಿ ಚಪ್ಪಾಳೆ ಎದ್ದಿತು. ಬೊಳ್ಳಂಜದವರು ಸಿಳ್ಳೆ ಹಾಕಿದರು. ಹೆಂಗಸರ ನಡುವೆ ದುಗ್ಗಮ್ಮ ಎರಡೂ ಕೈ ಎತ್ತಿ ಹಣೆಗೆ ಹಚ್ಚಿಕೊಂಡಳು.

"ಇದರಿಂದ ಒಂದು ಊರಿಗೆ ಕರೆಂಟು ಕೊಡ್ಲಿಕ್ಕೆ ಆಗ್ತದಾ?" ಸಾಹೇಬರು ಕೇಳಿದರು.

"ದೊಡ್ಡದು ಮಾಡಿದ್ರೆ ಆಗ್ತದೆ ಸಾರ್."

"ಯಾವ ಊರು ನಿಮ್ಮದು?"

"ಬೊಳ್ಳಂಜ ಸಾರ್. ಆಲಂಕಾರಿನ ಹತ್ತಿರ."

ಸಾಹೇಬರ ಹಿಂದೆ ನಿಂತಿದ್ದ ಗುಮಾಸ್ತ ಅದನ್ನು ಬರೆದುಕೊಂಡ.

ಜನ ಕರಗುವಾಗ ಕಮಲಾವತಿಯವರು ಮೇಜಿನ ಹತ್ತಿರ ಬಂದರು. ಬಲ್ಬನ್ನು ನೋಡಿದರು, ಆಮೇಲೆ ಕುಕ್ಕಪ್ಪನ ಮುಖವನ್ನು. ಅವನು ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡ. "ತುಂಬ ಚೆನ್ನಾಗಿ ಉರೀತದೆ," ಎಂದಷ್ಟೇ ಹೇಳಿ ಅವರು ಹೊರಟುಹೋದರು. ಅವರು ಅಲ್ಲೇ ಕೂಗಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಕುಕ್ಕಪ್ಪ ಮುಂದೆ ಎಷ್ಟೋ ಸಲ ಅಂದುಕೊಂಡ. ಆ ಹೊತ್ತಿಗೆ ಮಾತ್ರ ಬದುಕಿದೆ ಎನಿಸಿತ್ತು.

ಅವನಿಗೆ ಮೊದಲ ಬಹುಮಾನ ಬಂತು, ಶಾಲು ಹೊದೆಸಿದರು. ಪೇಪರಿನಲ್ಲಿ ಫೋಟೋ ಬಂತು. ಬೊಳ್ಳಂಜ ಗ್ರಾಮ ಸದ್ದಿನಿಂದಲೇ ಬೆಳಗಲಿದೆ ಎಂದು ಬರೆದಿದ್ದರು.

ಡಿಸೆಂಬರಿನಲ್ಲಿ ಕಂಬಗಳು ಬಂದವು. ಲಾರಿ ಆಲಂಕಾರಿನ ಪೇಟೆಯಲ್ಲಿ ನಿಲ್ಲಲೇ ಇಲ್ಲ. ಹೊಳೆಯ ಆಚೆ, ಒಬ್ಬ ದೊಡ್ಡ ಜಮೀನ್ದಾರರ ತೋಟದ ಪಂಪುಗಳಿರುವ ಕಡೆಗೆ ಹೋಗಿ ಇಳಿಸಿತು. ದುಗ್ಗಮ್ಮ ಮರುದಿನವೇ ಪುತ್ತೂರಿಗೆ ಹೋದಳು. ಹೇಳಿ ಕೇಳಿ, ಗುಮಾಸ್ತನಿಂದ ಫೈಲು ತೆಗೆಸಿ ಓದಿಸಿದಳು. ಸಂಜೆ ನೇರ ಕುಕ್ಕಪ್ಪನ ಅಂಗಡಿಗೆ ಬಂದು, ಒಂದೊಂದೇ ಶಬ್ದ ನೆನಪು ಮಾಡಿಕೊಂಡು ಹೇಳಿದಳು: "ಸದರಿ ಪ್ರದೇಶದಲ್ಲಿ ಬೇರೆ ವಿಧಾನದ ವಿದ್ಯುತ್ ಪ್ರಯೋಗ ಯಶಸ್ವಿಯಾಗಿರುವುದರಿಂದ ಲೈನಿನ ಅಗತ್ಯ ಸದ್ಯಕ್ಕೆ ಇಲ್ಲ. ಹಾಗೆ ಬರೆದಿದ್ದಾರೆ. ಈಗ ನೀನು ಹೇಳು ಮಾರಾಯ, ನಿನ್ನ ಕರೆಂಟಿಂದ ಪಂಪು ಯಾವಾಗ ತಿರುಗುದು?"

ಪಕ್ಕದ ಮಿಲ್ಲು ಓಡುತ್ತಿದ್ದರಿಂದ ಕುಕ್ಕಪ್ಪ ಅತ್ತೆಯ ಕಿವಿಗೆ ಬಾಯಿ ಕೊಟ್ಟೇ ಹೇಳಬೇಕಾಯಿತು. ಸೆಲ್ಲು, ಸ್ವಿಚ್ಚು, ಮೊಣಕಾಲು, ಎಲ್ಲ ಹೇಳಿದ.

ದುಗ್ಗಮ್ಮ ಅವನನ್ನು ಬೈಯಲಿಲ್ಲ. "ನಾಳೆ ಬೆಳಿಗ್ಗಿನ ಬಸ್ಸಿಗೆ ಹೊರಡು. ಆ ಪೆಟ್ಟಿಗೆಯನ್ನೂ ತಾ," ಎಂದಳು.

ಆಫೀಸಿನಲ್ಲಿ ಅವನು ಪೆಟ್ಟಿಗೆ ಬಿಚ್ಚಿ ಮೂರು ಸೆಲ್ಲುಗಳನ್ನು ಸಾಹೇಬರ ಮೇಜಿನ ಮೇಲೆ ಸಾಲಾಗಿ ಇಟ್ಟ. ಸಾಹೇಬರು ಎದ್ದುಹೋಗಿ ಬಾಗಿಲು ಹಾಕಿ ಬಂದರು.

"ಆ ಬಹುಮಾನದ ಕಾಗದಕ್ಕೆ ಸಹಿ ಹಾಕಿದವ ನಾನು," ಎಂದರು ಮೆಲ್ಲಗೆ. "ಲೈನು ಬೇಡಾಂತ ಮೇಲಿಗೆ ಬರೆದವನೂ ನಾನೇ. ಈಗ ಎಂತ ಬರೆಯಲಿ? ಟಾರ್ಚಿನ ಬಲ್ಬು ನೋಡಿ ಮೋಸ ಹೋದೇಂತಲಾ?"

"ತಪ್ಪು ನನ್ನದು ಸಾರ್. ನನ್ನ ಹೆಸರಲ್ಲೇ ಬರೆಯಿರಿ. ಪೊಲೀಸಿಗೆ ಬೇಕಾದ್ರೂ ಕೊಡಿ."

"ನಿಮ್ಮನ್ನು ಪೊಲೀಸಿಗೆ ಕೊಟ್ರೆ ನನ್ನ ಕೆಲಸ ಉಳೀತದಾ?" ಸಾಹೇಬರು ಸೆಲ್ಲುಗಳನ್ನು ಒಂದೊಂದಾಗಿ ಎತ್ತಿ ಪೆಟ್ಟಿಗೆಯೊಳಗೆ ಹಾಕಿದರು. "ಇದನ್ನು ನಾನು ನೋಡಲಿಲ್ಲ. ನೀವು ಬರಲೂ ಇಲ್ಲ. ಅಮ್ಮ, ಮುಂದಿನ ಪಟ್ಟಿ ಆಗುವಾಗ ಹೊಸ ಅರ್ಜಿ ಕೊಡಿ."

"ಮುಂದಿನ ಪಟ್ಟಿ ಯಾವಾಗ?" ದುಗ್ಗಮ್ಮ ಕೇಳಿದಳು.

ಸಾಹೇಬರು ಗಂಟೆ ಒತ್ತಿ ಜವಾನನನ್ನು ಕರೆದರು.

ಊರಿಗೆ ವಿಷಯ ಗೊತ್ತಾಗಲು ಒಂದು ದಿನ ಸಾಕಾಯಿತು. ಜಮೀನ್ದಾರರ ಕೈಯಿಂದ ದುಡ್ಡು ತಿಂದು ಕುಕ್ಕಪ್ಪ ಬೇಕೆಂದೇ ಹೀಗೆ ಮಾಡಿದ್ದು ಎಂದು ಹೇಳುವವರೇ ಜಾಸ್ತಿಯಾದರು. ಬರೇ ನಾಚಿಕೆಗೆ ಹೆದರಿ ಒಬ್ಬ ಮನುಷ್ಯ ಇಷ್ಟು ಮಾಡುತ್ತಾನೆಂದರೆ ಯಾರೂ ನಂಬಲಿಲ್ಲ. ಬೊಳ್ಳಂಜದ ಯಾವ ಮದುವೆಗೂ ಮತ್ತೆ ಅವನ ಮೈಕು ಹೋಗಲಿಲ್ಲ. ಸಾಹುಲ್ ಹಮೀದರು ಒಂದು ಬೆಳಿಗ್ಗೆ ಮಿಲ್ಲಿನ ಗೋಡೆಗೆ ಮತ್ತೆ ಏರಿದ್ದ ಹನ್ನೆರಡು ಹಾರ್ನುಗಳನ್ನೂ ಬಿಚ್ಚಿಸಿ ಅಂಗಡಿಯ ಎದುರು ಇಡಿಸಿದರು.

"ನಾನು ನೋಡಿದ್ದು ನಿಜವೇ ಅಲ್ವಾ ಕುಕ್ಕಪ್ಪ? ಪೆಟ್ಟಿಗೆಯ ಅಡಿಯನ್ನೂ ನೋಡಿದ್ದೆ," ಎಂದರು. "ಈಗ ನಾನು ಅದನ್ನು ಯಾರಿಗೆ ಹೇಳಿದ್ರೂ ನಗ್ತಾರೆ. ನನ್ನ ಮಾತನ್ನೂ ಹಾಳು ಮಾಡಿದಿರಿ ನೀವು."

ಸೇವಂತಿ ಮನೆ ಬಿಟ್ಟು ಹೋಗಲಿಲ್ಲ. ಆದರೆ ತೋಡಿನ ಮೆಟ್ಟಿಲುಗಳಲ್ಲಿ ಬೇರೆ ಹೆಂಗಸರು ಇಳಿದು ಹತ್ತಿ ಆದ ಮೇಲೆ ಒಬ್ಬಳೇ ಹೋಗುವುದನ್ನು ಅಭ್ಯಾಸ ಮಾಡಿಕೊಂಡಳು.

ದುಗ್ಗಮ್ಮ ಹೊಸ ಅರ್ಜಿ ಬರೆಸಿದಳು. ಮತ್ತೆ ಸಹಿ, ಮತ್ತೆ ಹೆಬ್ಬೆಟ್ಟು. ಎಂಬತ್ತೊಂದರ ಜುಲೈಯಲ್ಲಿ ಸುರಿವ ಮಳೆಗೆ ತೋಡಿನಿಂದ ನೀರು ತರುವಾಗ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿತು. ಅವಳು ಮೂವತ್ತು ಮೆಟ್ಟಿಲು ಉರುಳಿದಳು. ಸೊಂಟದ ಎಲುಬು ಮುರಿದಿತ್ತು. ನಾಲ್ಕು ಜನ ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದರು. ಕುಕ್ಕಪ್ಪನೂ ಒಂದು ತುದಿ ಹಿಡಿಯಲು ಹೋದ. ಅವಳ ಮಗ ಬೋಜಪ್ಪ ಅವನ ಕೈಯನ್ನು ತಳ್ಳಿದ.

ಆಸ್ಪತ್ರೆಯಿಂದ ಬಂದ ಮೇಲೆ ಅವಳು ಮತ್ತೆ ಏಳಲಿಲ್ಲ. ಮಲಗಿದವಳ ಬಟ್ಟೆ ಒಗೆಯಲು, ಮೈ ಒರೆಸಲು ಮನೆಗೆ ನೀರು ದುಪ್ಪಟ್ಟು ಬೇಕಾಯಿತು. ಸೊಸೆ ಚೆನ್ನು ಬಸುರಿ. ಕುಕ್ಕಪ್ಪ ಒಂದು ಬೆಳಿಗ್ಗೆ ಎರಡು ಕೊಡಪಾನ ನೀರು ತಂದು ಅವರ ಹಿತ್ತಿಲ ಬಾಗಿಲಲ್ಲಿ ಇಟ್ಟ. ಚೆನ್ನು ಅವನ ಎದುರಿಗೇ ಎರಡನ್ನೂ ಬಾಳೆಯ ಬುಡಕ್ಕೆ ಸುರಿದಳು. ಮರುದಿನ ಮತ್ತೆ ತಂದ. ಸುರಿದಳು. ಒಂಬತ್ತನೆಯ ದಿನ ಅವಳಿಗೂ ಕೈಸೋತಿರಬೇಕು, ಸುರಿಯಲಿಲ್ಲ. ಅಲ್ಲಿಂದ ಮುಂದೆ ದಿನಕ್ಕೆ ಐದು ಸಲ ಇಳಿದು ಹತ್ತಿ ಅವನು ಆ ಮನೆಯ ಹಂಡೆ ತುಂಬಿಸಿದ. ಯಾರೂ ಮಾತಾಡುತ್ತಿರಲಿಲ್ಲ. ಹಂಡೆಯ ಹತ್ತಿರದ ಕೋಣೆಯಲ್ಲೇ ದುಗ್ಗಮ್ಮ ಮಲಗಿರುತ್ತಿದ್ದಳು, ಮುಖ ಗೋಡೆಯ ಕಡೆಗೆ.

ಎರಡನೇ ವರ್ಷದ ಬೇಸಿಗೆಯಲ್ಲಿ ಒಂದು ದಿನ ಅವಳು ಕರೆದಳು.

"ಕುಕ್ಕಪ್ಪ."

ಅವನು ಕೊಡಪಾನ ಕೆಳಗಿಟ್ಟು ಬಾಗಿಲಲ್ಲಿ ನಿಂತ.

"ಮಿಲ್ಲಿನ ಒಳಗೆ ಏನೋ ಕೆಂಪು ದೀಪ ಉರಿದಿತ್ತೂಂತ ಸೇವಂತಿ ಹೇಳ್ತಿದ್ದಳು. ಅದೂ ಸುಳ್ಳಾ?"

"ಅಲ್ಲ ಅತ್ತೆ. ಅದು ನಿಜ. ದೇವರಾಣೆಗೂ ನಿಜ."

"ಬ್ಯಾಟರಿ ಇರಲಿಲ್ವಾ?"

"ಇರಲಿಲ್ಲ. ಬರೇ ಸದ್ದು."

"ಎಷ್ಟು ಹೊತ್ತು ಉರೀತು?"

"ಮಿಲ್ಲು ಓಡುವಷ್ಟು ಹೊತ್ತೂ."

ದುಗ್ಗಮ್ಮ ಅವನ ಕಡೆಗೆ ಮುಖ ತಿರುಗಿಸಿದಳು. "ಹಾಗಾದ್ರೆ ಅದನ್ನೇ ತೋರಿಸಿ ಸುಮ್ಮನಿರಬಹುದಿತ್ತಲ್ಲ ಮಾರಾಯ," ಎಂದಳು. "ನಗುವವರು ನಕ್ಕು ಹೋಗ್ತಿದ್ರು. ನನಗೆ ಕಂಬ ಬರ್ತಿತ್ತು."

ಮತ್ತೆ ಗೋಡೆಯ ಕಡೆಗೆ ತಿರುಗಿಕೊಂಡಳು. ಅವಳು ಅವನೊಡನೆ ಮಾತಾಡಿದ್ದು ಅದೇ ಕಡೆಯ ಸಲ. ಆ ವರ್ಷ ಮಳೆಗಾಲದ ನಡುವೆ, ಆಟಿ ತಿಂಗಳಲ್ಲಿ ತೀರಿಹೋದಳು. ಸ್ನಾನ ಮಾಡಿಸುವ ನೀರನ್ನೂ ಕುಕ್ಕಪ್ಪನೇ ತಂದ. ಹೆಣ ಎತ್ತುವಾಗ ದೂರ ನಿಂತ.

ಅವಳು ಹೋದ ಮೇಲೂ ಅವನು ಆ ಮನೆಗೆ ನೀರು ಹೊರುವುದನ್ನು ಬಿಡಲಿಲ್ಲ. ಅವರೂ ಬೇಡವೆನ್ನಲಿಲ್ಲ. ಅಂಗಡಿಯನ್ನು ಯಾರಿಗೋ ಬಿಟ್ಟುಕೊಟ್ಟಿದ್ದ. ಕೂಲಿ ಇದ್ದರೆ ಹೋಗುತ್ತಿದ್ದ. ಆದರೆ ಬೆಳಿಗ್ಗೆ ಬೋಜಪ್ಪನ ಹಂಡೆ ತುಂಬದೆ ಬೇರೆ ಕೆಲಸಕ್ಕೆ ಕೈ ಹಚ್ಚುತ್ತಿರಲಿಲ್ಲ. ಚೆನ್ನುವಿನ ಮಗಳು ನಡೆಯಲು ಕಲಿತು ಅವನನ್ನು ನೀರಿನ ಮಾವ ಎನ್ನತೊಡಗಿತು. ಯಾರೂ ತಿದ್ದಲಿಲ್ಲ. ಆ ಒಂದು ಕರೆ ಕೇಳಲಿಕ್ಕಾಗಿಯೇ ಅವನು ಕೆಲವು ದಿನ ಆರನೆಯ ಸಲವೂ ಇಳಿದು ಹತ್ತುತ್ತಿದ್ದ.

ಎಂಬತ್ತಾರರ ಜನವರಿಯಲ್ಲಿ ಬೊಳ್ಳಂಜಕ್ಕೆ ಲೈನು ಬಂತು. ದುಗ್ಗಮ್ಮನ ಎರಡನೆಯ ಅರ್ಜಿಯ ಮೇಲೆಯೇ ಬಂದದ್ದು ಎಂದು ಬೋಜಪ್ಪ ಎಲ್ಲರಿಗೂ ಹೇಳಿದ. ತೋಡಿಗೆ ಪಂಪು ಕೂರಿಸಿದರು, ಪದವಿನ ತುದಿಗೆ ಟಾಂಕಿ ಕಟ್ಟಿದರು, ಮನೆಮನೆಗೆ ನಳ್ಳಿ. ಶುರು ಮಾಡುವ ದಿನ ಸಭೆಯಾಯಿತು. ಮೈಕ್ ಸೆಟ್ಟು ಕಡಬದಿಂದ ತರಿಸಿದ್ದರು. ಭಾಷಣಗಳು ಕುಕ್ಕಪ್ಪನ ಮನೆಯ ಜಗಲಿಗೂ ಕೇಳಿಸುತ್ತಿದ್ದವು. ಹಾರ್ನು ಒಡೆದ ಸ್ವರ ಕೊಡುತ್ತಿತ್ತು. ಕಟ್ಟಿದವನಿಗೆ ಅದರ ಬಾಯಿ ತಿರುಗಿಸಲು ಗೊತ್ತಿಲ್ಲ ಎಂದು ಅವನಿಗೆ ಕುಳಿತಲ್ಲೇ ತಿಳಿಯಿತು. ಸೇವಂತಿ ಒಳ್ಳೆಯ ಸೀರೆ ಉಟ್ಟು ಸಭೆಗೆ ಹೋದಳು. "ನೀವು ಬರುದು ಬೇಡ," ಎಂದು ಅವಳೇ ಹೇಳಿದ್ದಳು, ಸಿಟ್ಟಿಲ್ಲದೆ.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ತೋಡಿಗೆ ಇಳಿದ. ಪಂಪಿನ ಕೋಣೆ ಗುಂಯ್ಗುಡುತ್ತಿತ್ತು. ಮೆಟ್ಟಿಲುಗಳಲ್ಲಿ ಒಬ್ಬರೂ ಇರಲಿಲ್ಲ. ಎರಡು ಕೊಡಪಾನ ತುಂಬಿ ಹತ್ತಿ ಬೋಜಪ್ಪನ ಹಿತ್ತಿಲಿಗೆ ಬಂದ. ಹಂಡೆ ಬಾಯಿವರೆಗೆ ತುಂಬಿತ್ತು. ಗೋಡೆಗೆ ಹೊಸದಾಗಿ ಹಾಕಿದ ನಳ್ಳಿಯ ಕೆಳಗೆ ಮಗು ಎರಡೂ ಕೈ ಹಿಡಿದು ಕುಣಿಯುತ್ತಿತ್ತು. ಅವನ ಕಡೆ ತಿರುಗಿಯೂ ನೋಡಲಿಲ್ಲ.

ಚೆನ್ನು ಹೊರಗೆ ಬಂದು ಸೆರಗಿಗೆ ಕೈ ಒರೆಸಿಕೊಂಡಳು. ಅಷ್ಟು ವರ್ಷಗಳಲ್ಲಿ ಅವಳು ಅವನಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

"ಇನ್ನು ನೀವು ಬರುದು ಬೇಡ. ನಳ್ಳಿ ಬಂದಿದೆ."

"ಹೌದು," ಎಂದ ಕುಕ್ಕಪ್ಪ. "ಹೌದಲ್ಲ."

ತಂದ ನೀರನ್ನು ಎಲ್ಲಿ ಸುರಿಯುವುದೆಂದು ತಿಳಿಯಲಿಲ್ಲ. ಚೆನ್ನು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಅವನು ತುಂಬಿದ ಎರಡು ಕೊಡಪಾನಗಳನ್ನೂ ಎತ್ತಿಕೊಂಡು, ತುಳುಕದ ಹಾಗೆ ಮೆಲ್ಲಗೆ ನಡೆಯುತ್ತಾ ತನ್ನ ಮನೆಗೆ ಬಂದ. ಅಲ್ಲೂ ಸೇವಂತಿ ನಳ್ಳಿಯಡಿಯಲ್ಲಿ ಪಾತ್ರೆ ತೊಳೆಯುತ್ತಿದ್ದಳು.